ಸುರಿಯುವ ಮುನ್ನ ಬಿಚ್ಚಿ ನೋಡಿ

ಸಿಂಕಿನಲ್ಲಿ ನೀರು ನಿಂತಿತೆಂದರೆ ಮನೆಯವರ ಕೈ ಮೊದಲು ಹೋಗುವುದು ಏನನ್ನಾದರೂ ಸುರಿಯುವುದಕ್ಕೆ. ಒಬ್ಬರು ಕುದಿಯುವ ನೀರು ಎನ್ನುತ್ತಾರೆ, ಇನ್ನೊಬ್ಬರು ಸೋಡಾಪುಡಿ, ನಿಂಬೆಹಣ್ಣು ಎನ್ನುತ್ತಾರೆ, ಮತ್ತೊಬ್ಬರು ಬಚ್ಚಲ ಮೂಲೆಯಲ್ಲಿದ್ದ ಆಸಿಡ್ ಬಾಟಲಿಯನ್ನೇ ಎತ್ತಿಕೊಂಡು ಬರುತ್ತಾರೆ. ಅಷ್ಟರಲ್ಲಿ ಅಂಗಡಿಯಿಂದ ಡ್ರೈನ್ ಕ್ಲೀನರ್ ಪ್ಯಾಕೆಟ್ಟೂ ಬಂದಿರುತ್ತದೆ. ನೀರು ಮಾತ್ರ ನಿಂತಲ್ಲೇ ನಿಂತಿರುತ್ತದೆ, ಬಣ್ಣ ಬದಲಾಗಿರುತ್ತದೆ ಅಷ್ಟೆ. ಕಟ್ಟಿಕೊಂಡದ್ದು ಎಲ್ಲಿ, ಕಟ್ಟಿಕೊಂಡದ್ದು ಏನು ಎಂದು ಬಗ್ಗಿ ನೋಡುವ ಕೆಲಸವನ್ನು ಯಾರೂ ಮಾಡಿರುವುದಿಲ್ಲ. ಅಡುಗೆಮನೆ, ಬಚ್ಚಲುಗಳಲ್ಲಿ ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ಕೈಗೆಟಕುವ ದೂರದಲ್ಲೇ. ಒಂದು ಬಕೆಟ್ಟು, ಒಂದಿಷ್ಟು ಹಳೇ ಬಟ್ಟೆ, ರಬ್ಬರ್ ಗ್ಲೌಸು, ಸ್ವಲ್ಪ ಬಿಡುವು ಇದ್ದರೆ ಪ್ಲಂಬರ್‌ಗೆ ಕಾಯದೆ ತೆಗೆಯಬಹುದು.

ಎಲ್ಲಿ ಕಟ್ಟಿದೆ ಎಂದು ತಿಳಿಯಲು ಯಾವ ಸಲಕರಣೆಯೂ ಬೇಕಿಲ್ಲ. ಸಿಂಕಿನಲ್ಲಿ ಮಾತ್ರ ನೀರು ನಿಂತಿದ್ದು, ಬಚ್ಚಲಿನಲ್ಲೂ ಕೈತೊಳೆಯುವ ಬೇಸಿನ್ನಿನಲ್ಲೂ ಸರಾಗವಾಗಿ ಇಳಿಯುತ್ತಿದ್ದರೆ ತಡೆ ಇರುವುದು ಸಿಂಕಿನ ಅಡಿಯಲ್ಲಿ ಅಥವಾ ಅದರ ಪೈಪಿನಲ್ಲಿ. ಸಿಂಕಿನ ನೀರು ಬಿಟ್ಟಾಗ ಬಚ್ಚಲ ಜಾಲರಿಯಲ್ಲಿ ಗುಳುಗುಳು ಸದ್ದಾಗಿ ನೀರು ಮೇಲೇಳುತ್ತಿದ್ದರೆ ಎರಡೂ ಪೈಪು ಕೂಡುವ ಜಾಗದಿಂದ ಆಚೆ ಎಲ್ಲೋ ಕಟ್ಟಿದೆ. ಮನೆಯಲ್ಲಿ ಎಲ್ಲ ಕಡೆಯೂ ನೀರು ನಿಧಾನವಾಗಿದ್ದು, ಕಮೋಡಿನ ನೀರೂ ತಾನಾಗಿ ಏರಿಳಿಯುತ್ತಿದ್ದರೆ ಒಳಗೆ ಕುಸ್ತಿ ಮಾಡಿ ಫಲವಿಲ್ಲ, ಹೊರಗೆ ಹೋಗಿ ಚೇಂಬರ್ ನೋಡಬೇಕು. ಮಹಡಿ ಮನೆಗಳಲ್ಲಿ ಮೇಲಿನವರು ಸ್ನಾನಕ್ಕೆ ನಿಂತಾಗ ಕೆಳಗಿನವರ ಬಚ್ಚಲು ತುಂಬುತ್ತದೆ. ಮುಂದಕ್ಕೆ ಹೋಗಲಾಗದ ನೀರು ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಯಿಂದ ಹೊರಬರುತ್ತದೆ. ಅಪಾರ್ಟ್‌ಮೆಂಟಿನ ನೆಲಮಹಡಿಯವರು ಏನೂ ಮಾಡದಿದ್ದರೂ ಅವರ ಮನೆಯಲ್ಲೇ ಎಲ್ಲರ ಕೊಳೆ ಉಕ್ಕುವುದು ಇದಕ್ಕೇ. ಅಂಥ ಹೊತ್ತಿನಲ್ಲಿ ಅವರು ಮಾಡಬೇಕಾದ ಮೊದಲ ಕೆಲಸ ಮೇಲಿನ ಎಲ್ಲ ಮನೆಗಳಿಗೂ ನಲ್ಲಿ ನಿಲ್ಲಿಸಿ ಎಂದು ಹೇಳಿ ಕಳಿಸುವುದು.

ಸಿಂಕಿನ ಅಡಿಯಲ್ಲಿ

ಸಿಂಕಿನ ಕೆಳಗಿನ ಬಾಗಿಲು ತೆರೆದು, ಡಬ್ಬಿ, ಫಿನಾಯಿಲು, ಹಳೇ ಚೀಲಗಳನ್ನೆಲ್ಲ ಆಚೆ ಇಟ್ಟು ನೋಡಿ. ಎರಡರಲ್ಲಿ ಒಂದು ಕಾಣುತ್ತದೆ. ಒಂದು, ಬಾಟಲ್ ಟ್ರ್ಯಾಪ್: ತಳದಲ್ಲಿ ತಿರುಪಿ ತೆಗೆಯಬಹುದಾದ ಬಟ್ಟಲಿರುವ, ಪ್ಲಾಸ್ಟಿಕ್ಕಿನ ಅಥವಾ ಹೊಳೆಯುವ ಲೋಹದ ಗಿಡ್ಡ ಬಾಟಲಿ. ಇನ್ನೊಂದು, ನಮ್ಮ ಕಡೆ ಹೆಚ್ಚು ಮನೆಗಳಲ್ಲಿರುವ, ಸುರುಳಿ ಸುರುಳಿ ಮಡಿಕೆಯ ಬಿಳಿ ವೇಸ್ಟ್ ಪೈಪು. ಅದು ನೇರವಾಗಿ ನೆಲದ ಅಥವಾ ಗೋಡೆಯ ತೂತಿನೊಳಗೆ ತೂರಿಕೊಂಡಿರುತ್ತದೆ.

ಬಾಟಲ್ ಟ್ರ್ಯಾಪ್ ಇದ್ದರೆ ಕೆಲಸ ಸುಲಭ. ಸಿಂಕಿನಲ್ಲಿ ನಿಂತ ನೀರನ್ನು ಮೊದಲು ಚೊಂಬಿನಿಂದ ತೋಡಿ ಬಕೆಟ್ಟಿಗೆ ಹಾಕಿ, ಆ ಬಕೆಟ್ಟನ್ನು ಬಚ್ಚಲಲ್ಲಿ ಖಾಲಿ ಮಾಡಿ ತಂದು ಟ್ರ್ಯಾಪಿನ ಕೆಳಗಿಡಿ. ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ. ಜಿಡ್ಡಿಗೆ ಜಾರಿದರೆ ಒಣ ಬಟ್ಟೆ ಸುತ್ತಿ ಹಿಡಿಯಿರಿ. ಪೈಪ್ ರೆಂಚ್ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಬಟ್ಟಲು ಸಡಿಲವಾಗುತ್ತಿದ್ದಂತೆ ಮೊದಲು ಒಂದಿಷ್ಟು ಬೂದು ನೀರು ಬೀಳುತ್ತದೆ, ಹಿಂದೆಯೇ ವಾಸನೆ, ಆಮೇಲೆ ಒಟ್ಟಿಗೆ ಪೊಳ್ ಎಂದು ಉಳಿದದ್ದು. ಕಪ್ಪು ಲೋಳೆಯೊಳಗೆ ಸಾಸಿವೆ, ಕರಿಬೇವಿನ ಕಡ್ಡಿ, ಟೀ ಚರಟ, ಸ್ಟೀಲ್ ಉಜ್ಜುವ ನಾರಿನ ತುಂಡು, ಕೆಲವೊಮ್ಮೆ ಕಾಣೆಯಾಗಿದ್ದ ಒಂದು ಚಿಕ್ಕ ಚಮಚ. ಬಟ್ಟಲ ಅಂಚಿನಲ್ಲಿ ಕೂತಿರುವ ರಬ್ಬರ್ ವಾಷರ್ ಯಾವ ಮುಖವಾಗಿ ಇದೆ ಎಂದು ಗಮನಿಸಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಇನ್ನೂ ವಾಸಿ. ಮರಳಿ ಹಾಕುವಾಗ ಅದು ಮಡಿಚಿಕೊಂಡರೆ ಹನಿ ಸೋರುತ್ತದೆ. ಆ ತಿರುಪಿಗೆ ಟೆಫ್ಲಾನ್ ಟೇಪು ಬೇಕಿಲ್ಲ, ನೀರು ತಡೆಯುವುದು ವಾಷರ್. ಬಟ್ಟಲನ್ನು ಬಚ್ಚಲಿಗೋ ಹಿತ್ತಲಿಗೋ ಒಯ್ದು ತೊಳೆಯಿರಿ. ಟ್ರ್ಯಾಪ್ ಬಿಚ್ಚಿಟ್ಟ ಸಿಂಕಿನಲ್ಲೇ ಅದನ್ನು ತೊಳೆಯಲು ನಲ್ಲಿ ತಿರುಗಿಸಿ ಕಾಲು ನೆನೆಸಿಕೊಂಡವರು ಲೋಕದಲ್ಲಿ ಕಡಿಮೆಯೇನಿಲ್ಲ.

ಟ್ರ್ಯಾಪ್ ಇರುವುದೇ ತೊಂದರೆಗೆ ಎಂದು ಕಿತ್ತು ಎಸೆಯುವವರಿದ್ದಾರೆ. ಎಸೆಯಬೇಡಿ. ಅದರಲ್ಲಿ ಸದಾ ನಿಲ್ಲುವ ಎರಡಿಂಚಿನಷ್ಟು ನೀರೇ ಚರಂಡಿಯ ಗಾಳಿ, ಜಿರಲೆ ಮನೆಯೊಳಗೆ ಬಾರದಂತೆ ತಡೆಯುವುದು. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಗ್ಸಾಂಡರ್ ಕಮಿಂಗ್ ಎಂಬಾತ 1775ರಲ್ಲಿ ಬಗ್ಗಿದ ಪೈಪಿನ ಈ ಉಪಾಯಕ್ಕೆ ಪೇಟೆಂಟ್ ಪಡೆದ. ಅಂದಿನಿಂದ ಇಂದಿನವರೆಗೆ ಇದಕ್ಕಿಂತ ಸರಳವಾದದ್ದು ಬಂದಿಲ್ಲ.

ಮಡಿಕೆಯ ವೇಸ್ಟ್ ಪೈಪಿನ ಕತೆ ಬೇರೆ. ಅದರ ಒಳಮೈ ಕೂಡ ಸುರುಳಿಯಾಗಿರುವುದರಿಂದ ಒಂದೊಂದು ಮಡಿಕೆಯಲ್ಲೂ ಜಿಡ್ಡು ಕೂರುತ್ತದೆ. ಉದ್ದ ಹೆಚ್ಚಾಯಿತೆಂದು ಅದನ್ನು ಹಾಗೇ ಜೋತುಬಿಟ್ಟಿದ್ದರೆ ಜೋತ ಜಾಗದಲ್ಲಿ ಅನ್ನದಗುಳು ಬಂದು ನಿಲ್ಲುತ್ತದೆ. ಮೇಲಿನ ನಟ್ ಸಡಿಲಿಸಿ ಪೈಪನ್ನು ಬಿಡಿಸಿಕೊಳ್ಳಿ, ಹಿತ್ತಲಲ್ಲಿ ಹಿಂದುಮುಂದಾಗಿ ನೀರು ಹಾಯಿಸಿ ನೋಡಿ. ವರ್ಷಗಟ್ಟಲೆ ಹಳೆಯದಾಗಿದ್ದರೆ ತೊಳೆಯುವ ಶ್ರಮವೂ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸದು ಸಿಗುತ್ತದೆ, ದುಬಾರಿಯಲ್ಲ. ಹಾಕುವಾಗ ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿ. ಪೈಪು ಬಿಡಿಸಿದ ಮೇಲೆ ನೆಲದ ತೂತಿಗೆ ಒಂದು ಚೊಂಬು ನೀರು ಹಾಕಿ ನೋಡಲು ಮರೆಯಬೇಡಿ. ಇಳಿದರೆ ತಡೆ ನಿಮ್ಮ ಕೈಯಲ್ಲೇ ಇತ್ತು. ಇಳಿಯದಿದ್ದರೆ ಮುಂದಿನ ಪೈಪಿನಲ್ಲಿದೆ, ಅಲ್ಲಿಗೆ ಸ್ಪ್ರಿಂಗ್ ವೈರ್ ಬೇಕು.

ಸ್ಪ್ರಿಂಗ್ ವೈರ್ ಎಂದರೆ ಹಿಡಿಕೆ ತಿರುಗಿಸುತ್ತ ಪೈಪಿನೊಳಕ್ಕೆ ತೂರಿಸುವ ಉದ್ದನೆಯ ಸುರುಳಿ ತಂತಿ. ನೂಕಬಾರದು, ತಿರುಗಿಸಬೇಕು. ತಡೆ ಸಿಕ್ಕಾಗ ಕೈಗೆ ಗೊತ್ತಾಗುತ್ತದೆ. ಅಲ್ಲಿ ಕೆಲವು ಸುತ್ತು ತಿರುಗಿಸಿ, ನಿಧಾನವಾಗಿ ಹೊರಗೆಳೆದು, ತುದಿಗೆ ಸಿಕ್ಕಿದ್ದನ್ನು ಬಿಡಿಸಿ, ಮತ್ತೆ ಬಿಡಬೇಕು. ಹಳೆಯ ಕೆಲಸಗಾರರು ಇದೇ ಕೆಲಸವನ್ನು ಬಿದಿರ ದಬ್ಬೆಯಲ್ಲಿ ಮಾಡುತ್ತಾರೆ. ಚೇಂಬರಿನ ನೇರ ಪೈಪಿಗೆ ಅದು ಇವತ್ತಿಗೂ ಒಳ್ಳೆಯದೇ, ಮನೆಯೊಳಗಿನ ಬಾಗುಗಳಿಗೆ ಆಗದು.

ಏನೂ ಬಿಚ್ಚದೆ ಮೊದಲೊಮ್ಮೆ ಪ್ಲಂಜರ್ ಪ್ರಯತ್ನಿಸಬಹುದು, ಆದರೆ ಸರಿಯಾಗಿ. ರಬ್ಬರ್ ಬಟ್ಟಲು ಮುಳುಗುವಷ್ಟು ನೀರು ಸಿಂಕಿನಲ್ಲಿರಬೇಕು, ಇಲ್ಲದಿದ್ದರೆ ಬರೀ ಗಾಳಿ ಒತ್ತಿದ ಹಾಗಾಗುತ್ತದೆ. ಬೇಸಿನ್ನಿಗೆ ಅಂಚಿನಲ್ಲಿ ಇನ್ನೊಂದು ತೂತಿದ್ದರೆ ಒದ್ದೆ ಬಟ್ಟೆ ತುರುಕಿ ಮುಚ್ಚಿ. ಎರಡು ತೊಟ್ಟಿಯ ಸಿಂಕಾದರೆ ಪಕ್ಕದ್ದರ ಬಾಯನ್ನು ಒಬ್ಬರು ಒತ್ತಿ ಹಿಡಿದಿರಬೇಕು. ಜನ ಒತ್ತುವುದಕ್ಕೆ ಬಲ ಹಾಕುತ್ತಾರೆ, ಸಿಕ್ಕಿಕೊಂಡದ್ದನ್ನು ಅಲುಗಿಸುವುದು ಹೆಚ್ಚಾಗಿ ಮೇಲಕ್ಕೆಳೆಯುವ ಸೆಳೆತ. ಹತ್ತಿಪ್ಪತ್ತು ಸಲ ಒಂದೇ ಲಯದಲ್ಲಿ ಒತ್ತಿ ಎಳೆದು ಕೊನೆಗೆ ಒಮ್ಮೆ ಫಕ್ಕನೆ ಕೀಳಬೇಕು.

ಪ್ಯಾಕೆಟ್ಟು, ಬಾಟಲಿ, ಅಡುಗೆ ಸೋಡಾ

ಅನುಭವವಿರುವ ಪ್ಲಂಬರ್ ಮನೆಗೆ ಬಂದರೆ ಪೈಪು ಮುಟ್ಟುವ ಮೊದಲು ಕೇಳುವುದು, “ಏನಾದ್ರೂ ಹಾಕಿದ್ದೀರಾ ಅಮ್ಮಾ?” ಎಂದು. ಸಂಕೋಚಪಡದೆ ನಿಜ ಹೇಳಿ, ಅದು ಅವರ ಕಣ್ಣಿನ ಪ್ರಶ್ನೆ. ಪುಡಿ ರೂಪದ ಡ್ರೈನ್ ಕ್ಲೀನರ್‌ಗಳಲ್ಲಿ ಮುಖ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ನೀರು ತಾಗಿದೊಡನೆ ವಿಪರೀತ ಬಿಸಿಯಾಗುತ್ತದೆ, ಜಿಡ್ಡಿನೊಡನೆ ಸೇರಿ ಅದನ್ನು ಸೋಪಾಗಿಸುತ್ತದೆ, ಕೂದಲನ್ನೂ ಕರಗಿಸುತ್ತದೆ. ಕೆಲಸ ಮಾಡುವುದಿಲ್ಲ ಎಂದೇನೂ ಅಲ್ಲ. ಆದರೆ ನೀರು ನಿಧಾನವಾಗಿಯಾದರೂ ಹರಿಯುತ್ತಿದ್ದಾಗ ಮಾತ್ರ ಅದಕ್ಕೆ ಅರ್ಥ. ಪೂರ್ತಿ ಕಟ್ಟಿದ ಪೈಪಿಗೆ ಹಾಕಿದರೆ ಪುಡಿ ತಳಕ್ಕಿಳಿದು ಗಟ್ಟಿಯಾಗಿ ಕಲ್ಲಿನಂತೆ ಕೂತುಬಿಡಬಹುದು, ಆ ಬಿಸಿಗೆ ಪಿವಿಸಿ ಪೈಪು ಮೆತ್ತಗಾಗಬಹುದು. ತೆಂಗಿನ ನಾರು, ಬಟ್ಟೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿದ್ದರೆ ಅದರಿಂದ ಏನೂ ಆಗದು. ಪುಡಿ ಹಾಕಿ ಆಗಿದೆ, ನೀರು ಇಳಿದಿಲ್ಲ ಎಂದಾದರೆ ಆಮೇಲೆ ಪ್ಲಂಜರ್ ಹಿಡಿಯಲೇಬೇಡಿ. ಸಿಡಿದ ಒಂದು ಹನಿ ಕಣ್ಣಿಗೆ ಸಾಕು. ಮೈಗೆ ತಾಗಿದರೆ ಹರಿಯುವ ನೀರಿನಲ್ಲಿ ಕಡಿಮೆಯೆಂದರೆ 15-20 ನಿಮಿಷ ತೊಳೆಯಬೇಕು. ಹುಳಿಯಿಂದ ಶಮನವಾಗುತ್ತದೆಂದು ನಿಂಬೆರಸ ಹಚ್ಚುವುದು ಬೇಡ. ಕಣ್ಣಿಗೆ ಬಿದ್ದಿದ್ದರೆ ತೊಳೆದ ತಕ್ಷಣ ಆಸ್ಪತ್ರೆ.

ಆಸಿಡ್ ಇನ್ನೂ ವ್ಯರ್ಥ. ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ ಉಪ್ಪುಗಟ್ಟಿದ ಬಿಳಿ ಕಲೆಯನ್ನು ತಿನ್ನುತ್ತದೆ, ಜಿಡ್ಡಿಗೆ ಅದು ಏನೂ ಮಾಡದು. ಟೈಲ್ಸ್ ನಡುವಿನ ಸಿಮೆಂಟನ್ನು, ಜಾಲರಿಯ ಹೊಳಪನ್ನು ಮಾತ್ರ ಚೆನ್ನಾಗಿ ತಿನ್ನುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೆರಕೆಯದ್ದು. ಬೆಳಗ್ಗೆ ಬ್ಲೀಚಿಂಗ್ ಪೌಡರ್ ಹಾಕಿ, ಅದು ಕೆಲಸಕ್ಕೆ ಬರಲಿಲ್ಲವೆಂದು ಮಧ್ಯಾಹ್ನ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಬರಬಹುದು. ಒಂದು ಹಾಕಿದ ಮೇಲೆ ಇನ್ನೊಂದನ್ನು ಹಾಕಬಾರದು, ಇಷ್ಟನ್ನು ಮನೆಗೆಲಸಕ್ಕೆ ಬರುವವರಿಗೂ ಹೇಳಿಡಿ.

ಅಡುಗೆ ಸೋಡಾ ಮತ್ತು ವಿನೆಗರ್ ವಿಡಿಯೋಗಳಲ್ಲಿ ಬುಸುಗುಟ್ಟಿ ನೊರೆಯೇಳುವುದು ನೋಡಲು ಚೆಂದ. ಕ್ಷಾರ, ಆಮ್ಲ ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಸಪ್ಪೆ ಉಪ್ಪುನೀರು. ಕಟ್ಟಿದ ಪೈಪನ್ನು ಅದು ತೆರೆಯಿತೆಂದರೆ ಹಿಂದೆಯೇ ಸುರಿದ ಬಿಸಿನೀರಿಗೆ ಪುಣ್ಯ. ಬಿಸಿನೀರಿಗೂ ಮಿತಿಯಿದೆ. ಪಿವಿಸಿ ಪೈಪು ತಾಳುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ವರೆಗೆ. ಕೊತಕೊತ ಕುದಿಯುವ ಬಸಿದ ನೀರನ್ನು ದಿನಾ ಸುರಿದರೆ ಜಾಯಿಂಟುಗಳು ಸಡಿಲವಾಗುತ್ತವೆ. ಸ್ನಾನಕ್ಕೆ ಕಾಯಿಸುವುದಕ್ಕಿಂತ ತುಸು ಹೆಚ್ಚು ಬಿಸಿ ಇದ್ದರೆ ಸಾಕು, ಜೊತೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದಿಷ್ಟು.

ಬಚ್ಚಲು ಮತ್ತು ಕಮೋಡು

ಬಚ್ಚಲಲ್ಲಿ ಅಪರಾಧಿ ಹೆಚ್ಚಾಗಿ ಕೂದಲು, ಅದನ್ನು ಹಿಡಿದಿಡುವುದು ಸೋಪು. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ, ಅಂದರೆ ಬೆಂಗಳೂರಿನ ಹೊರವಲಯ, ಕೋಲಾರದಂಥ ಕಡೆ, ಇದು ಜಾಸ್ತಿ. ನೀರಿನ ಸುಣ್ಣದ ಅಂಶ ಸೋಪಿನೊಡನೆ ಸೇರಿ ಕರಗದ ಬಿಳಿ ಗಸಿಯಾಗಿ ಪೈಪಿಗೆ ಅಂಟುತ್ತದೆ. ನರಕ ಚತುರ್ದಶಿಯ ಎಣ್ಣೆ ಸ್ನಾನದ ದಿನ ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟು, ಉದುರಿದ ಕೂದಲು ಎಲ್ಲ ಒಂದೇ ಬೆಳಗ್ಗೆ ಒಂದೇ ತೂತಿಗೆ ಇಳಿಯುತ್ತವೆ. ಸೀಗೆಪುಡಿಗೆ ಅಭ್ಯಾಸವಾದ ಹಳೇ ಬಚ್ಚಲ ತೂಬು ಅಗಲವಾಗಿ ನೇರ ಹಿತ್ತಲಿಗೆ ಬೀಳುತ್ತಿತ್ತು, ಇವತ್ತಿನ ನೆಲದಡಿಯ ಪೈಪಿಗೆ ಆ ಶಕ್ತಿಯಿಲ್ಲ.

ಜಾಲರಿ ಎತ್ತಿದರೆ ಒಳಗೆ ಕಾಣುವ ಬಾವಿಯಂಥದ್ದೇ ನಹಾನಿ ಟ್ರ್ಯಾಪ್. ಕೆಲವು ಜಾಲರಿಗಳ ಅಡಿಯಲ್ಲಿ ಜಿರಲೆ ತಡೆಯುವ ಪುಟ್ಟ ಬಟ್ಟಲೂ ಇರುತ್ತದೆ, ಬೋರಲಾಗಿ ಕೂತದ್ದು. ಅದನ್ನು ಎತ್ತಿ ತೊಳೆದರೇ ಅರ್ಧ ಸಮಸ್ಯೆ ಮುಗಿಯುವುದುಂಟು. ಕೂದಲು ತೆಗೆಯಲು ತುದಿ ಬಗ್ಗಿಸಿದ ಜಿಐ ತಂತಿಯೋ ಎರಡೂ ಬದಿ ಹಲ್ಲಿರುವ ಪ್ಲಾಸ್ಟಿಕ್ ಪಟ್ಟಿಯೋ ಸಾಕು. ಕೈಹಾಕಿ ಎಳೆಯುವುದೇ ಎಲ್ಲಕ್ಕಿಂತ ಒಳ್ಳೆಯದು, ಗ್ಲೌಸು ಹಾಕಿ. ತಂತಿಯಿಂದ ಒಳಕ್ಕೆ ನೂಕಿದರೆ ಉಂಡೆ ಕಣ್ಣಿಗೆ ಮರೆಯಾಗುತ್ತದೆ, ಮುಂದಿನ ಬಾಗಿನಲ್ಲಿ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ವಾಷಿಂಗ್ ಮಷೀನಿನ ನೀರು ಇದೇ ಜಾಲರಿಗೆ ಬೀಳುತ್ತಿದ್ದರೆ ಅದರ ಪೈಪಿನ ತುದಿಗೆ ಹಳೇ ಕಾಲುಚೀಲ ಕಟ್ಟಿ, ಬಟ್ಟೆಯ ನಾರುಪುಡಿ ಎಷ್ಟು ಬರುತ್ತದೆಂದು ವಾರದಲ್ಲೇ ಗೊತ್ತಾಗುತ್ತದೆ. ಕಾಲುಚೀಲ ತುಂಬುವ ಮೊದಲು ಬದಲಾಯಿಸಿ.

ಕಮೋಡ್ ಕಟ್ಟಿದಾಗ ಮತ್ತೆ ಮತ್ತೆ ಫ್ಲಶ್ ಒತ್ತುವುದು ಸಹಜ ಪ್ರವೃತ್ತಿ, ನೆಲವೆಲ್ಲ ತುಂಬುವುದೂ ಅದರಿಂದಲೇ. ನೀರು ತಾನಾಗಿ ಇಳಿಯಲು ಬಿಡಿ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಅರ್ಧ ಲೋಟದಷ್ಟು ಹಾಕಿ ಅರ್ಧ ಗಂಟೆ ಬಿಟ್ಟು, ಬೆಚ್ಚಗಿನ ನೀರನ್ನು ಸೊಂಟದ ಎತ್ತರದಿಂದ ಒಂದೇ ಧಾರೆಯಲ್ಲಿ ಸುರಿದರೆ ಬರೀ ಮಲ, ಕಾಗದ ಇದ್ದಲ್ಲಿ ಹೋಗಿಬಿಡುತ್ತದೆ. ಡೈಪರ್, ಸ್ಯಾನಿಟರಿ ಪ್ಯಾಡ್, ಒದ್ದೆ ವೈಪ್ಸ್ ಹಾಕಿದ್ದರೆ ಹೋಗುವುದಿಲ್ಲ. ಪ್ಯಾಡ್, ಡೈಪರ್ ನೀರು ಕುಡಿದು ಉಬ್ಬಲೆಂದೇ ಮಾಡಿದ ವಸ್ತುಗಳು. ಮನೆಗೆ ಬಂದ ನೆಂಟರಿಗೆ ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚವಾದರೆ, ಶೌಚಾಲಯದಲ್ಲಿ ಮುಚ್ಚಳವಿರುವ ಒಂದು ಬುಟ್ಟಿಯನ್ನು, ಪಕ್ಕದಲ್ಲಿ ಒಂದಿಷ್ಟು ಹಳೇ ಪೇಪರನ್ನು ಇಟ್ಟರೆ ಸಾಕು, ಹೇಳದೆಯೇ ತಿಳಿಯುತ್ತದೆ.

ಚೇಂಬರಿನಾಚೆ

ಮನೆಯ ಸುತ್ತಲಿನ ಚೇಂಬರ್ ಮುಚ್ಚಳ ತೆಗೆಯುವಾಗ ಇಬ್ಬರಿರಿ. ತೆಗೆದ ಕೂಡಲೇ ಮುಖ ಬಗ್ಗಿಸಬೇಡಿ, ಗಾಳಿಯಾಡಲು ಬಿಟ್ಟು ಆಮೇಲೆ ನೋಡಿ. ಬೀಡಿ, ಸಿಗರೇಟು, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಒಂದು ಚೇಂಬರ್ ತುಂಬಿದ್ದು ಅದರ ಮುಂದಿನದು ಖಾಲಿಯಿದ್ದರೆ ತಡೆ ಆ ಎರಡರ ನಡುವೆ, ಅಲ್ಲಿಗೆ ದಬ್ಬೆ ಅಥವಾ ರಾಡ್ ಬಿಡಬೇಕು. ಎಲ್ಲವೂ ಒಣಗಿದ್ದರೆ ಮತ್ತೆ ಮನೆಯೊಳಗೇ ಹುಡುಕಬೇಕು. ಎಲ್ಲವೂ ತುಂಬಿದ್ದರೆ ರಸ್ತೆಯ ಕೊಳವೆಯೇ ಕಟ್ಟಿದೆ. ಹತ್ತಿರದಲ್ಲಿ ಮರವಿದ್ದರೆ ಚೇಂಬರಿನ ಸಂದಿನಿಂದ ನುಗ್ಗಿದ ಬೇರಿನ ಜಡೆಯೂ ಸಿಕ್ಕೀತು. ಕತ್ತರಿಸಿ ತೆಗೆದು ಸಂದು ಮುಚ್ಚಿಸದಿದ್ದರೆ ಬೇರು ಮತ್ತೆ ಬರುತ್ತದೆ.

ಮಳೆ ಬಂದಾಗ ಮಾತ್ರ ಉಕ್ಕುತ್ತಿದ್ದರೆ ತಾರಸಿಯ ಮಳೆನೀರಿನ ಪೈಪು ಎಲ್ಲಿಗೆ ಸೇರಿದೆ ಎಂದು ನೋಡಿ. ಖರ್ಚು ಉಳಿಸಲು ಅದನ್ನು ಒಳಚರಂಡಿಗೇ ಜೋಡಿಸಿದ ಮನೆಗಳು ಬೇಕಾದಷ್ಟಿವೆ. ಮನೆಯ ಕೊಳಕು ನೀರಿಗೆಂದು ಹಾಕಿದ ಕೊಳವೆ ಇಡೀ ತಾರಸಿಯ ಮಳೆಯನ್ನು ತಾಳದು. ಹಾಗೆ ಜೋಡಿಸುವುದು ನಿಯಮಕ್ಕೂ ವಿರುದ್ಧ. ಬಿಡಿಸಿ ಮಳೆನೀರಿನ ಚರಂಡಿಗೋ ಇಂಗುಗುಂಡಿಗೋ ಹಾಕಿಸಿ.

ರಸ್ತೆಯ ಮ್ಯಾನ್‌ಹೋಲ್ ನಿಮ್ಮದಲ್ಲ. ಬೆಂಗಳೂರಿನಲ್ಲಾದರೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ. ನೀರಿನ ಬಿಲ್ಲಿನಲ್ಲಿರುವ ಆರ್.ಆರ್. ನಂಬರನ್ನು ಕೈಯಲ್ಲಿ ಇಟ್ಟುಕೊಂಡಿರಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇರೆ ಊರುಗಳಲ್ಲಿ ಪಾಲಿಕೆ, ನಗರಸಭೆ, ಪುರಸಭೆ. ಯಂತ್ರ ಬರುವುದು ತಡವಾಗುತ್ತದೆಂದು ಯಾರನ್ನೋ ಕರೆತಂದು ಗುಂಡಿಗಿಳಿಸುವುದನ್ನು ಇವತ್ತಿಗೂ ಕೆಲವು ಅಪಾರ್ಟ್‌ಮೆಂಟ್ ಸಂಘಗಳು, ಮನೆ ಮಾಲೀಕರು ಮಾಡುತ್ತಾರೆ. ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕೆಲಸ ಮಾಡಿಸಿದವರು ಸರ್ಕಾರವೇ ಆಗಿರಬೇಕೆಂದಿಲ್ಲ, ಮನೆಯ ಯಜಮಾನನಿಗೂ ಅದು ಅನ್ವಯಿಸುತ್ತದೆ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಈ ಪದ್ಧತಿಯ ವಿರುದ್ಧ ದಶಕಗಳಿಂದ ಹೋರಾಡುತ್ತಿರುವ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು. ಗುಂಡಿಯ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. “ವಾಸನೆಯಿಲ್ಲ, ಇಳೀಬಹುದು” ಎಂಬ ಮಾತನ್ನು ನಂಬಬೇಡಿ. ಸಕ್ಕಿಂಗ್ ಮಷೀನ್, ಜೆಟ್ಟಿಂಗ್ ಮಷೀನ್ ಬರುವವರೆಗೆ ಸ್ನಾನ ಮುಂದೂಡಿದರೆ ಯಾರ ಗಂಟೂ ಹೋಗುವುದಿಲ್ಲ.

ಹಳ್ಳಿಯಲ್ಲಿ, ಒಳಚರಂಡಿ ಬಾರದ ಬಡಾವಣೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇದ್ದರೆ ಆಸಿಡ್, ಬ್ಲೀಚಿಂಗ್ ಪೌಡರ್ ಬಳಕೆಯನ್ನು ಇನ್ನಷ್ಟು ಹಿಡಿತದಲ್ಲಿಡಿ. ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳನ್ನು ಅವು ಕೊಲ್ಲುತ್ತವೆ, ಟ್ಯಾಂಕ್ ಬೇಗ ತುಂಬುತ್ತದೆ. ಬಚ್ಚಲ ನೀರನ್ನು ಟ್ಯಾಂಕಿಗೆ ಬಿಡದೆ ಬಾಳೆ, ಕೆಸುವಿನ ಬುಡಕ್ಕೆ ಹರಿಸುವ ಮಲೆನಾಡಿನ ಹಳೇ ರೂಢಿ ಈ ಲೆಕ್ಕದಲ್ಲಿ ಜಾಣತನದ್ದೇ.

ಮತ್ತೆ ಕಟ್ಟದಿರಲು ಮಾಡಬೇಕಾದದ್ದು ಹೆಚ್ಚಿಲ್ಲ, ಮತ್ತದು ಸಿಂಕಿಗಿಂತ ಮುಂಚೆಯೇ ಆಗಬೇಕು. ಕರಿದ ಬಾಣಲೆ, ತುಪ್ಪದ ಪಾತ್ರೆ, ಒಬ್ಬಟ್ಟಿನ ಹೆಂಚನ್ನು ತೊಳೆಯಲು ಹಾಕುವ ಮುನ್ನ ಹಳೇ ಪೇಪರಿನಲ್ಲಿ ಒರೆಸಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಮಾಗಿಯ ಬೆಳಗಿನಲ್ಲಿ ಪೈಪಿನೊಳಗೂ ಅದೇ ಆಗುತ್ತದೆ. ಮುದ್ದೆ ಮಾಡಿದ ಪಾತ್ರೆಯ ತಳಕ್ಕೆ ಹಿಡಿದದ್ದನ್ನು ನೆನೆಸಿ, ಕೆರೆದು ಬುಟ್ಟಿಗೆ ಹಾಕಿ. ದೋಸೆಹಿಟ್ಟಿನ ಪಾತ್ರೆಯ ಮೊದಲ ತೊಳೆದ ನೀರು ಗಿಡಕ್ಕೆ ಹೋಗಲಿ. ಕಾಫಿ ಚರಟ ಕೂಡ. ಸಿಂಕಿನ ಬಾಯಿಗೆ ಸಣ್ಣ ತೂತಿನ ಸ್ಟೀಲ್ ಜಾಲರಿ ಇರಲಿ, ಆದರೆ ಅದು ತುಂಬಿತೆಂದು ಎತ್ತಿ ಒಳಗಿದ್ದದ್ದನ್ನು ಪೈಪಿಗೇ ಬಿಡುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ, ಅವರ ಮೇಲೆ ಕಣ್ಣಿಡಿ. ಇಷ್ಟಾದರೂ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಟ್ಟುತ್ತಿದ್ದರೆ ದೋಷ ಪೈಪಿನ ಇಳಿಜಾರಿನದ್ದಾಗಿರಬಹುದು. ನಾಲ್ಕಿಂಚಿನ ಪೈಪು 40 ಅಡಿ ಹೋಗುವಷ್ಟರಲ್ಲಿ ಒಂದಡಿ ಇಳಿಯಬೇಕು ಎಂಬುದು ಹಳೇ ಲೆಕ್ಕ. ನೆಲ ಕುಸಿದು ಪೈಪು ನಡುವೆ ಜಗ್ಗಿದ್ದರೂ ಹೀಗೇ ಆಗುತ್ತದೆ. ಬಾಡಿಗೆ ಮನೆಯಾದರೆ ಇಂಥದ್ದನ್ನು ಮಾಲೀಕರ ಗಮನಕ್ಕೆ ಬರವಣಿಗೆಯಲ್ಲಿ ತನ್ನಿ, ವಾಟ್ಸ್ಆ್ಯಪ್ ಸಾಕು. ಜಾಲರಿಯ ಕೂದಲು ಬಾಡಿಗೆದಾರರದ್ದು, ನೆಲದಡಿಯ ಇಳಿಜಾರು ಮಾಲೀಕರದ್ದು ಎಂದು ಒಪ್ಪಂದ ಮಾಡಿಕೊಳ್ಳುವಾಗಲೇ ಮಾತಾಡಿಕೊಂಡರೆ ಜಗಳ ತಪ್ಪುತ್ತದೆ.

ಕಟ್ಟಿರುವುದೇನೂ ಇಲ್ಲ, ಬರೀ ವಾಸನೆ ಬರುತ್ತಿದೆ ಎಂದರೆ ಬಳಸದ ಬಚ್ಚಲಿನ ಟ್ರ್ಯಾಪ್ ಒಣಗಿರುತ್ತದೆ. ಒಂದು ಚೊಂಬು ನೀರು ಹಾಕಿದರೆ ಮುಗಿಯಿತು. ಬೇಸಿಗೆ ರಜೆಗೆ ಮನೆ ಬೀಗ ಹಾಕಿ ಊರಿಗೆ ಹೊರಡುವವರು ಪ್ರತಿ ಜಾಲರಿಗೂ ನೀರು ಹಾಕಿ, ಮೇಲೆ ಒಂದೊಂದು ಚಮಚ ಅಡುಗೆ ಎಣ್ಣೆ ಬಿಡಿ. ಇಷ್ಟು ಹೊತ್ತು ಎಣ್ಣೆ ಬೇಡ ಎಂದವರು ಈಗ ಎಣ್ಣೆ ಎನ್ನುತ್ತೀರಲ್ಲ ಎನ್ನಬೇಡಿ, ಒಂದು ಚಮಚ ತೇಲುವ ಎಣ್ಣೆ ನೀರು ಆವಿಯಾಗದಂತೆ ತಡೆಯುತ್ತದೆ. ತೆಂಗಿನೆಣ್ಣೆ ಮಾತ್ರ ಬೇಡ, ಸೂರ್ಯಕಾಂತಿಯೋ ಕಡಲೆಕಾಯಿಯೋ ಆಗಬಹುದು. ಹಿಂದಿರುಗಿದ ದಿನ ಒಂದು ಬಕೆಟ್ ಬೆಚ್ಚಗಿನ ನೀರು ಹಾಕಿ ಅದನ್ನು ಕಳಿಸಿಬಿಡಿ.